ಶಾಂತ ಸಾಗರದ ಸುಣ್ಣ, ಗೌರಿಬಿದನೂರಿನ ಕಿವಿ

ಸುಣ್ಣದ ಕಲ್ಲನ್ನು ಸುಟ್ಟರೆ ಏನಾಗುತ್ತದೆ ಎಂಬುದನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಭೀಮಾ ಕೊಳ್ಳದ ನೆಲದಡಿ ಪದರ ಪದರವಾಗಿ ಹಾಸಿಕೊಂಡಿರುವ ಕಲ್ಲೇ ಅಲ್ಲಿನ ಮನೆಗಳ ಗೋಡೆ, ಅಂಗಳದ ಪರಸಿ, ಸಿಮೆಂಟು ಕಾರ್ಖಾನೆಗಳ ಕಚ್ಚಾ ಸಾಮಗ್ರಿ. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವು ಹತ್ತಿದಾಗ ಆ ಕಲ್ಲು ತನ್ನೊಳಗಿನ ಇಂಗಾಲದ ಡೈ ಆಕ್ಸೈಡನ್ನು ಬಿಟ್ಟುಕೊಟ್ಟು ಬೆಳ್ಳನೆಯ ಸುಟ್ಟ ಸುಣ್ಣವಾಗುತ್ತದೆ. ನೀರು ಬಿದ್ದರೆ ಅದು ಕುದಿಯುತ್ತದೆ. ಬೆವೆತ ಮೈಗೆ ಅಂಟಿದರೆ ಚರ್ಮ ಸುಡುತ್ತದೆ.

1954ರ ಮಾರ್ಚ್ 1ರಂದು ಶಾಂತ ಸಾಗರದ ನಡುವಿನ ರೊಂಗೆಲಾಪ್ ಎಂಬ ಪುಟ್ಟ ದ್ವೀಪದ ಮೇಲೆ ಮುಗಿಲಿನಿಂದ ಉದುರಿದ್ದು ಹೆಚ್ಚುಕಡಿಮೆ ಇದೇ ಸುಣ್ಣ. ಅಂದು ಬೆಳಗಿನ ಜಾವ ಪಡುವಣ ದಿಕ್ಕಿನಲ್ಲಿ ಇನ್ನೊಬ್ಬ ಸೂರ್ಯ ಹುಟ್ಟಿದಂತೆ ಬೆಳಕು ಕಂಡಿತ್ತು. ಕೆಲವು ಗಂಟೆಗಳ ಬಳಿಕ ಬಿಳಿಯ ಪುಡಿ ಬೀಳತೊಡಗಿತು. ತೆಂಗಿನ ಗರಿಗಳ ಮೇಲೆ, ಕುಡಿಯುವ ನೀರಿನ ತೊಟ್ಟಿಗಳಲ್ಲಿ, ತಲೆಗೂದಲಿನಲ್ಲಿ ಅದು ಕೂತಿತು. ಏನೆಂದು ತಿಳಿಯದ ಮಕ್ಕಳು ಅದರಲ್ಲಿ ಆಡಿದರು. ಸಂಜೆಯ ವೇಳೆಗೆ ಮೈ ತುರಿಕೆ, ಕಣ್ಣುರಿ, ವಾಂತಿ ಶುರುವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಕೂದಲು ಉದುರಿ, ಕುತ್ತಿಗೆ ಮತ್ತು ಪಾದಗಳ ಚರ್ಮ ಹುಣ್ಣಾಯಿತು.

ಹವಳದ ದ್ವೀಪವೂ ಶಹಾಬಾದಿನ ಕಲ್ಲೂ ರಾಸಾಯನಿಕವಾಗಿ ಒಂದೇ ಕುಲ. ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ರೊಂಗೆಲಾಪಿಗೆ ಸುಮಾರು 160 ಕಿಲೋಮೀಟರು ದೂರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಅಂದು ಸಿಡಿಸಿದ 'ಬ್ರಾವೊ' ಹೆಸರಿನ ಹೈಡ್ರೋಜನ್ ಬಾಂಬು ಲಕ್ಷಾಂತರ ಟನ್ ಹವಳವನ್ನು ಒಂದೇ ಕ್ಷಣದಲ್ಲಿ ಸುಟ್ಟು ಮುಗಿಲಿಗೇರಿಸಿತ್ತು. ಆದರೆ ಭಟ್ಟಿಯ ಸುಣ್ಣದಲ್ಲಿ ಇಲ್ಲದ ಒಂದು ಸಂಗತಿ ಈ ಸುಣ್ಣದಲ್ಲಿತ್ತು. ಬಾಂಬಿನ ಹೊಟ್ಟೆಯಲ್ಲಿ ಹುಟ್ಟಿದ ವಿಕಿರಣಶೀಲ ಮೂಲವಸ್ತುಗಳು ಅದರ ಕಣಕಣಕ್ಕೂ ಅಂಟಿಕೊಂಡಿದ್ದವು.

ಯಾರಿಗೆ ದೂರ?

ಅಣ್ವಸ್ತ್ರ ಪರೀಕ್ಷೆಗಳ ಚರಿತ್ರೆಯಲ್ಲಿ ಪದೇಪದೇ ಬರುವ ಮಾತು 'ದೂರದ ದ್ವೀಪಗಳು'. ಯಾರಿಂದ ದೂರ ಎಂಬುದನ್ನು ಮಾತ್ರ ಆ ಮಾತು ಹೇಳುವುದಿಲ್ಲ. ವಾಷಿಂಗ್ಟನ್, ಲಂಡನ್, ಪ್ಯಾರಿಸ್ಸುಗಳಿಂದ ಆ ದ್ವೀಪಗಳು ದೂರವೇ. ಅಲ್ಲಿ ಹುಟ್ಟಿ ಬೆಳೆದವರಿಗೆ ಅವು ಮನೆಯಂಗಳ.

ಎರಡನೆಯ ಮಹಾಯುದ್ಧದಲ್ಲಿ ಜಪಾನಿನಿಂದ ಮಾರ್ಷಲ್ ದ್ವೀಪಗಳನ್ನು ಗೆದ್ದುಕೊಂಡ ಅಮೆರಿಕ, ಯುದ್ಧ ಮುಗಿದ ಮರುವರ್ಷವೇ ಬಾಂಬು ಪರೀಕ್ಷೆಗೆ ಬಿಕಿನಿಯನ್ನು ಆರಿಸಿತು. 1946ರ ಫೆಬ್ರವರಿಯ ಒಂದು ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿಸಿ ಬಂದ ಜನರೆದುರು ಸೇನಾ ಗವರ್ನರ್ ಬೆನ್ ವ್ಯಾಟ್ ನಿಂತು, ಮನುಕುಲದ ಹಿತಕ್ಕಾಗಿ, ಎಲ್ಲ ಯುದ್ಧಗಳನ್ನೂ ಕೊನೆಗಾಣಿಸುವುದಕ್ಕಾಗಿ ದ್ವೀಪವನ್ನು ಕೆಲಕಾಲ ಬಿಟ್ಟುಕೊಡುವಿರಾ ಎಂದು ಕೇಳಿದರು. ದ್ವೀಪದ ಮುಖ್ಯಸ್ಥ ಜೂಡಾ, ಎಲ್ಲವೂ ದೇವರ ಕೈಯಲ್ಲಿದೆಯೆಂದು ನಂಬಿ ಹೋಗುತ್ತೇವೆ ಎಂಬರ್ಥದ ಉತ್ತರ ಕೊಟ್ಟರು. ಆ ಉತ್ತರವನ್ನು ಚಲನಚಿತ್ರ ಕ್ಯಾಮೆರಾದೆದುರು ಮತ್ತೆ ಮತ್ತೆ ಹೇಳಿಸಲಾಯಿತು. ಮಾರ್ಚ್ ತಿಂಗಳಿನಲ್ಲಿ 167 ಜನ ಹಡಗು ಹತ್ತಿದರು. ಇದನ್ನು ಒಪ್ಪಿಗೆ ಎನ್ನುವುದಾದರೆ, ಯುದ್ಧದಲ್ಲಿ ಗೆದ್ದ ಸೇನೆ ಕೇಳಿದಾಗ ಇಲ್ಲವೆನ್ನುವ ದಾರಿ ಯಾವುದಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ.

ಅವರನ್ನು ಇಳಿಸಿದ ರೊಂಗೆರಿಕ್ ದ್ವೀಪದಲ್ಲಿ ತೆಂಗೂ ಸಾಲದು, ಮೀನೂ ಸಾಲದು. ಎರಡು ವರ್ಷಗಳಲ್ಲಿ ಜನ ಹಸಿವಿನಿಂದ ಬಡಕಲಾದರು. 1948ರಲ್ಲಿ ಅವರನ್ನು ಕಿಲಿ ಎಂಬ ಇನ್ನೊಂದು ದ್ವೀಪಕ್ಕೆ ಸಾಗಿಸಲಾಯಿತು. ಬಿಕಿನಿಯಂಥ ದ್ವೀಪಗಳ ರಚನೆಯನ್ನು ತಿಳಿದರೆ ಮಾತ್ರ ಕಿಲಿಯ ಕಷ್ಟ ಅರ್ಥವಾದೀತು. ಬಿಕಿನಿ ಎಂದರೆ ಒಂದೇ ದ್ವೀಪವಲ್ಲ. ಬಳೆಯಾಕಾರದ ಹವಳದ ದಿಬ್ಬ, ಅದರ ಮೇಲೆ ಅಲ್ಲಲ್ಲಿ ಎದ್ದ ಇಪ್ಪತ್ತಕ್ಕೂ ಹೆಚ್ಚು ನಡುಗಡ್ಡೆಗಳು, ನಡುವೆ ಕೆರೆಯಂತೆ ಶಾಂತವಾದ ಕಡಲು. ಆ ಒಳಗಡಲೇ ಅವರ ಹೊಲ. ಕಿಲಿಗೆ ಒಳಗಡಲಿಲ್ಲ. ಸುತ್ತ ಅಬ್ಬರಿಸುವ ತೆರೆಗಳಿಂದಾಗಿ ವರ್ಷದಲ್ಲಿ ಎಷ್ಟೋ ತಿಂಗಳು ದೋಣಿ ಇಳಿಸುವುದೇ ಅಸಾಧ್ಯ. ದೋಣಿ ಕಟ್ಟುವುದರಲ್ಲಿ ಪಳಗಿದ್ದ ಜನ ಡಬ್ಬಿಯ ಆಹಾರಕ್ಕೆ ಕೈಚಾಚುವಂತಾಯಿತು.

1946ರ ಜುಲೈ 1ರಂದು ಮೊದಲ ಬಾಂಬು, 25ರಂದು ನೀರಿನಡಿ ಎರಡನೆಯದು ಸಿಡಿಯಿತು. ಸುಮಾರು 95 ಹಳೆಯ ಹಡಗುಗಳನ್ನು ಗುರಿಯಾಗಿ ನಿಲ್ಲಿಸಲಾಗಿತ್ತು. ಮೊದಲ ಸ್ಫೋಟವಾದ ನಾಲ್ಕೇ ದಿನಕ್ಕೆ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕನೊಬ್ಬ ತಾನು ರೂಪಿಸಿದ ಈಜುಡುಪಿಗೆ 'ಬಿಕಿನಿ' ಎಂದು ಹೆಸರಿಟ್ಟ. ಇಂದಿಗೂ ಜಗತ್ತಿನ ಬಹುಮಂದಿಗೆ ಆ ಹೆಸರಿನ ಪರಿಚಯವಿರುವುದು ಉಡುಪಿನ ಮೂಲಕವೇ.

1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕ ನಡೆಸಿದ ಸ್ಫೋಟಗಳು 67. ಬಿಕಿನಿಯ ಪಾಲಿಗೆ ಬಂದವು 23. ಉಳಿದವುಗಳಲ್ಲಿ ಹೆಚ್ಚಿನವು ಎನೆವೆಟಾಕ್‌ನಲ್ಲಿ. ಇವೆಲ್ಲವುಗಳ ಒಟ್ಟು ಶಕ್ತಿ ಹಿರೋಷಿಮಾ ಬಾಂಬಿನ ಏಳು ಸಾವಿರ ಪಟ್ಟು ಎಂದು ಲೆಕ್ಕ ಹಾಕಲಾಗಿದೆ. ಎನೆವೆಟಾಕ್‌ನದು ಒಂದು ವಿಚಿತ್ರ ಕಥೆ. ಹವಳದ ಬಳೆಗಳು ಮುಳುಗಿಹೋದ ಜ್ವಾಲಾಮುಖಿಗಳ ನೆತ್ತಿಯ ಮೇಲೆ ಬೆಳೆದಿವೆ ಎಂದು ಚಾರ್ಲ್ಸ್ ಡಾರ್ವಿನ್ ಹತ್ತೊಂಬತ್ತನೆಯ ಶತಮಾನದಲ್ಲೇ ಊಹಿಸಿದ್ದರು. 1952ರಲ್ಲಿ ಬಾಂಬು ಪರೀಕ್ಷೆಯ ಸಿದ್ಧತೆಯ ನಡುವೆ ಎನೆವೆಟಾಕ್‌ನಲ್ಲಿ ಕೊರೆದ ಬಾವಿಗಳು 1,200 ಮೀಟರಿಗೂ ಹೆಚ್ಚು ದಪ್ಪದ ಹವಳವನ್ನು ದಾಟಿ ಕಪ್ಪು ಜ್ವಾಲಾಮುಖಿ ಶಿಲೆಯನ್ನು ಮುಟ್ಟಿದವು. ಡಾರ್ವಿನ್ ಊಹೆ ನಿಜವಾಯಿತು. ಅದೇ ವರ್ಷ ನವೆಂಬರ್ 1ರಂದು ಅಲ್ಲೇ ಸಿಡಿದ ಮೊದಲ ಹೈಡ್ರೋಜನ್ ಸಾಧನ ಎಲುಗೆಲಾಬ್ ಎಂಬ ನಡುಗಡ್ಡೆಯನ್ನು ಭೂಪಟದಿಂದಲೇ ಅಳಿಸಿತು. ಅದು ಇದ್ದಲ್ಲಿ ಉಳಿದದ್ದು ಸುಮಾರು ಎರಡು ಕಿಲೋಮೀಟರು ಅಗಲದ ಹೊಂಡ.

ಗಾಳಿಯೂ ಲೆಕ್ಕವೂ ತಪ್ಪಿದ ದಿನ

ಬ್ರಾವೊ ಸ್ಫೋಟದಲ್ಲಿ ಎರಡು ತಪ್ಪುಗಳು ಸೇರಿಕೊಂಡವು. ಬಾಂಬಿನ ಶಕ್ತಿ ಸುಮಾರು 6 ಮೆಗಾಟನ್ ಆದೀತೆಂದು ವಿಜ್ಞಾನಿಗಳು ಎಣಿಸಿದ್ದರು. ಇಂಧನದಲ್ಲಿದ್ದ ಲಿಥಿಯಂನ ಎರಡು ಬಗೆಗಳಲ್ಲಿ ಒಂದಾದ ಲಿಥಿಯಂ-7 ಸುಮ್ಮನೆ ಕೂರುತ್ತದೆಂದು ಅವರ ನಂಬಿಕೆ. ಅದು ಸುಮ್ಮನೆ ಕೂರಲಿಲ್ಲ. ನ್ಯೂಟ್ರಾನುಗಳ ಹೊಡೆತಕ್ಕೆ ಒಡೆದು ಟ್ರಿಟಿಯಂ ಆಗಿ ತಾನೂ ಇಂಧನವಾಯಿತು. ಬಾಂಬು 15 ಮೆಗಾಟನ್ನಿಗೆ ಏರಿತು, ಅಂದರೆ ಹಿರೋಷಿಮಾದ ಸಾವಿರ ಪಟ್ಟು. ಇನ್ನೊಂದು ಗಾಳಿಯ ವಿಷಯ. ಮೇಲ್ಮಟ್ಟದ ಗಾಳಿ ಜನವಸತಿಯ ಕಡೆ ತಿರುಗುವ ಸೂಚನೆ ಹಿಂದಿನ ರಾತ್ರಿಯೇ ಅಧಿಕಾರಿಗಳ ಮುಂದಿತ್ತು. ಆದರೂ ಸ್ಫೋಟವನ್ನು ಮುಂದೂಡಲಿಲ್ಲ. ಮೊದಲನೆಯದನ್ನು ವಿಜ್ಞಾನದ ತಪ್ಪೆನ್ನಬಹುದು. ಎರಡನೆಯದಕ್ಕೆ ಆ ಹೆಸರು ಒಪ್ಪುವುದಿಲ್ಲ.

ರೊಂಗೆಲಾಪಿನ ಜನರನ್ನು ಕರೆದೊಯ್ಯಲು ಹಡಗು ಬಂದದ್ದು ಎರಡು ದಿನ ಕಳೆದ ಮೇಲೆ. ಅವರನ್ನು ಸೇನಾನೆಲೆಗೆ ಒಯ್ದು, ಚಿಕಿತ್ಸೆಯ ಜೊತೆಗೆ ವಿಕಿರಣದ ಪರಿಣಾಮದ ಅಧ್ಯಯನಕ್ಕೂ ಒಳಪಡಿಸಲಾಯಿತು. 1957ರಲ್ಲಿ ದ್ವೀಪ ಈಗ ಸುರಕ್ಷಿತವೆಂದು ಹೇಳಿ ಮರಳಿ ಬಿಟ್ಟರು. ಮುಂದಿನ ವರ್ಷಗಳಲ್ಲಿ, ಅಂದು ಮಕ್ಕಳಾಗಿದ್ದವರಲ್ಲಿ ಬಹುಪಾಲು ಮಂದಿಗೆ ಥೈರಾಯ್ಡ್ ಗ್ರಂಥಿಯಲ್ಲಿ ಗಂಟುಗಳು ಕಾಣಿಸಿಕೊಂಡವು. ಒಂದು ವರ್ಷದ ಕೂಸಾಗಿದ್ದ ಹುಡುಗನೊಬ್ಬ 1972ರಲ್ಲಿ, 19ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 1985ರಲ್ಲಿ ದ್ವೀಪದವರೇ ಊರು ಬಿಡುವ ತೀರ್ಮಾನ ಮಾಡಿ, ಗ್ರೀನ್‌ಪೀಸ್ ಸಂಸ್ಥೆಯ ಹಡಗಿನಲ್ಲಿ ಹೊರಟರು.

ಆದರೂ ಬ್ರಾವೊ ಸುದ್ದಿ ಜಗತ್ತಿಗೆ ಮುಟ್ಟಿದ್ದು ರೊಂಗೆಲಾಪಿನಿಂದಲ್ಲ, ಜಪಾನಿನ ಒಂದು ಮೀನುದೋಣಿಯಿಂದ. 'ಐದನೆಯ ಶುಭನಾಗ' ಎಂಬರ್ಥದ ಹೆಸರಿನ ಆ ದೋಣಿಯ 23 ಮಂದಿಯ ಮೇಲೂ ಅದೇ ಪುಡಿ ಸುರಿದಿತ್ತು. ಮಾರ್ಚ್ 14ರಂದು ಅವರು ಬಂದರು ಸೇರಿದಾಗ ಅದನ್ನು ಜಪಾನಿನಲ್ಲಿ 'ಸಾವಿನ ಬೂದಿ' ಎಂದು ಕರೆದರು. ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರಿನಲ್ಲಿ ನಿಧನರಾದರು.

ಇದಾದ ಕೆಲವೇ ದಿನಗಳಲ್ಲಿ, ಏಪ್ರಿಲ್ 2ರಂದು, ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಮಾತನಾಡಿ, ಅಣ್ವಸ್ತ್ರಗಳ ಪೂರ್ಣ ನಿಷೇಧಕ್ಕೆ ತಡವಾಗುವುದಾದರೆ ಪರೀಕ್ಷೆಗಳನ್ನಾದರೂ ಇದ್ದಲ್ಲಿಗೇ ನಿಲ್ಲಿಸುವ ಒಪ್ಪಂದವಾಗಲಿ ಎಂದು ಕೇಳಿದರು. ಅಂಥ ಕೋರಿಕೆಯನ್ನು ಮುಂದಿಟ್ಟ ಮೊದಲ ಸರ್ಕಾರದ ಮುಖ್ಯಸ್ಥರು ಅವರೇ. ಅದೇ ತಿಂಗಳ 20ರಂದು ಮಾರ್ಷಲ್ ದ್ವೀಪವಾಸಿಗಳು ವಿಶ್ವಸಂಸ್ಥೆಗೆ ಮನವಿ ಕೊಟ್ಟರು. ನೆಲವೆಂದರೆ ತಮಗೆ ಬೆಳೆ ತೆಗೆಯುವ, ಮನೆ ಕಟ್ಟುವ ಜಾಗ ಮಾತ್ರವಲ್ಲ, ಬದುಕೇ ಅದು ಎಂಬುದು ಅದರ ಸಾರ. ಪರೀಕ್ಷೆಗಳೇನೂ ನಿಲ್ಲಲಿಲ್ಲ, 1958ರ ಒಂದೇ ಸರಣಿಯಲ್ಲಿ ಅಲ್ಲಿ ಮೂವತ್ತಕ್ಕೂ ಹೆಚ್ಚು ಬಾಂಬುಗಳು ಸಿಡಿದವು. ಭಾರತ ಸರ್ಕಾರ 1956ರಲ್ಲಿ ವಿಜ್ಞಾನಿ ಡಿ. ಎಸ್. ಕೊಠಾರಿ ಅವರಿಂದ ಅಣುಸ್ಫೋಟಗಳ ಪರಿಣಾಮ ಕುರಿತ ಒಂದು ಗ್ರಂಥವನ್ನು ಸಿದ್ಧಪಡಿಸಿ ಪ್ರಕಟಿಸಿತು. ಬಾಂಬು ಇಲ್ಲದ ದೇಶವೊಂದು ಬಾಂಬಿನ ಬಗ್ಗೆ ಅಷ್ಟು ವಿವರವಾಗಿ ಬರೆದದ್ದು ಆಗ ಹೊಸ ಸಂಗತಿ.

ಹವಳದ ನೆಲದ ಗುಣವೇ ಬಿಕಿನಿಯ ಜನರಿಗೆ ಇನ್ನೊಂದು ಬಗೆಯಲ್ಲಿ ಮುಳುವಾಯಿತು. ಸುಣ್ಣದ ಆ ನೆಲದಲ್ಲಿ ಕ್ಯಾಲ್ಸಿಯಂ ಧಾರಾಳ. ಪೊಟ್ಯಾಸಿಯಂ ಮಾತ್ರ ತೀರ ಕಡಿಮೆ. ತೆಂಗಿಗಾದರೋ ಪೊಟ್ಯಾಸಿಯಂ ಬೇಕೇ ಬೇಕು. ಸ್ಫೋಟದ ಧೂಳಿನಲ್ಲಿದ್ದ ಸೀಸಿಯಂ-137 ಗುಣದಲ್ಲಿ ಪೊಟ್ಯಾಸಿಯಂನ ಸೋದರ. ಹಸಿದ ಬೇರು ಎರಡಕ್ಕೂ ಭೇದವೆಣಿಸದೆ ಹೀರಿಕೊಂಡಿತು. ವಿಷ ಎಳನೀರಿಗೂ ಕೊಬ್ಬರಿಗೂ ಏರಿತು. 1968ರಲ್ಲಿ ಅಧ್ಯಕ್ಷ ಜಾನ್ಸನ್ ಬಿಕಿನಿ ಈಗ ವಾಸಯೋಗ್ಯವೆಂದು ಸಾರಿದ ಮೇಲೆ ಕೆಲವು ಕುಟುಂಬಗಳು ಮರಳಿದ್ದವು. ಅವರ ದೇಹದಲ್ಲಿ ಸೀಸಿಯಂ ಏರುತ್ತಿರುವುದು ಕಂಡುಬಂದು 1978ರಲ್ಲಿ ಮತ್ತೆ ಎಬ್ಬಿಸಲಾಯಿತು. ಪೊಟ್ಯಾಷ್ ಗೊಬ್ಬರ ಹಾಕಿದರೆ ತೆಂಗು ಸೀಸಿಯಂ ಹೀರುವುದು ಬಹುಮಟ್ಟಿಗೆ ತಗ್ಗುತ್ತದೆ ಎಂಬುದು ಮುಂದಿನ ಪ್ರಯೋಗಗಳಿಂದ ಗೊತ್ತಾಯಿತು. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಮುಗಿಲಿನಿಂದ ನೆಲದಡಿಗೆ

ಬ್ರಿಟನ್ 1957-58ರಲ್ಲಿ ಮಾಲ್ಡನ್ ಹಾಗೂ ಕ್ರಿಸ್‌ಮಸ್ ದ್ವೀಪಗಳ ಬಳಿ ತನ್ನ ಹೈಡ್ರೋಜನ್ ಬಾಂಬುಗಳನ್ನು ಪರೀಕ್ಷಿಸಿತು. ಆ ಹೊತ್ತಿಗೆ ಸ್ಫೋಟಗಳ ಧೂಳು ಯಾವ ಗಡಿಯನ್ನೂ ಲೆಕ್ಕಿಸುವುದಿಲ್ಲವೆಂಬುದು ಜನಸಾಮಾನ್ಯರಿಗೂ ತಿಳಿದುಬಂದಿತ್ತು. ಗುಣದಲ್ಲಿ ಕ್ಯಾಲ್ಸಿಯಂ ಅನ್ನು ಹೋಲುವ ಸ್ಟ್ರಾನ್ಷಿಯಂ-90 ಹುಲ್ಲಿಗಿಳಿದು, ಹಾಲಿಗೆ ಬಂದು, ಸಾವಿರಾರು ಮೈಲಿ ದೂರದ ಮಕ್ಕಳ ಎಲುಬಿನಲ್ಲಿ ಸೇರುತ್ತಿತ್ತು. ತಾಯಂದಿರ ಆತಂಕ ರಾಜಕಾರಣಿಗಳನ್ನು ಮುಟ್ಟಿತು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾದ ಒಪ್ಪಂದ ಗಾಳಿ, ನೀರು, ಅಂತರಿಕ್ಷಗಳಲ್ಲಿ ಸ್ಫೋಟವನ್ನು ನಿಷೇಧಿಸಿತು. ಮೂರು ದಿನಗಳಲ್ಲಿ ಭಾರತವೂ ಸಹಿ ಹಾಕಿತು. ನೆಲದಡಿಯ ಸ್ಫೋಟಕ್ಕೆ ಮಾತ್ರ ಆ ಒಪ್ಪಂದದಲ್ಲಿ ತಡೆ ಇರಲಿಲ್ಲ.

ಬಿಟ್ಟದ್ದಕ್ಕೆ ಒಂದು ಕಾರಣವಿತ್ತು. ಗಾಳಿಯಲ್ಲಿ ಸಿಡಿದ ಬಾಂಬನ್ನು ಧೂಳಿನಿಂದಲೇ ಪತ್ತೆ ಹಚ್ಚಬಹುದು. ನೆಲದಡಿ ಸಿಡಿದದ್ದು ಬಾಂಬೋ, ಸಹಜ ಭೂಕಂಪವೋ ಎಂದು ಸಾವಿರಾರು ಮೈಲಿಯಾಚೆ ಕೂತು ಹೇಳುವುದು ಹೇಗೆ? 1958ರಲ್ಲಿ ಜಿನೀವಾದಲ್ಲಿ ಸೇರಿದ ತಜ್ಞರು ಈ ಪ್ರಶ್ನೆಯನ್ನೇ ಚರ್ಚಿಸಿ, ಜಗತ್ತಿನಾದ್ಯಂತ ಕಾವಲು ಕೇಂದ್ರಗಳ ಜಾಲ ಬೇಕೆಂದಿದ್ದರು. ಒಂದೇ ಉಪಕರಣದ ಬದಲು ಹಲವನ್ನು ಸಾಲಾಗಿ ಹೂತು ಒಟ್ಟಿಗೆ ಆಲಿಸುವ ವಿಧಾನವನ್ನು ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರ ಬೆಳೆಸಿತು. ಅದರ ಸಹಕಾರದಿಂದ ನಾಲ್ಕು ಕಡೆ ಇಂಥ ವ್ಯೂಹಗಳು ಎದ್ದವು: ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ, ಮತ್ತು ಆಗಿನ ಕೋಲಾರ ಜಿಲ್ಲೆಯ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು.

ಉತ್ತರ ಪಿನಾಕಿನಿಯ ದಂಡೆಯ ಕಿವಿ

ಉತ್ತರ ಪಿನಾಕಿನಿ ನದಿಯ ದಂಡೆಯ ಈ ಊರು ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು. ಸ್ವಾತಂತ್ರ್ಯ ಹೋರಾಟವನ್ನು ಬಲ್ಲವರಿಗೆ 1938ರ ಗೋಲಿಬಾರಿನ ವಿದುರಾಶ್ವತ್ಥ ಇದರ ನೆರೆಯೆಂದು ಗೊತ್ತು. ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆ, ಅಂದರೆ ಮುಂದೆ ಭಾಭಾ ಅಣುಸಂಶೋಧನ ಕೇಂದ್ರವೆಂದು ಹೆಸರಾದದ್ದು, 1965ರಲ್ಲಿ ಇಲ್ಲಿ ಭೂಕಂಪನ ವ್ಯೂಹವನ್ನು ಸ್ಥಾಪಿಸಿತು. ಈ ಜಾಗವನ್ನು ಆರಿಸಲು ನೆಲದ ಗುಣವೇ ಕಾರಣ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಹತ್ತಿ ಕೂರುವ ಬಂಡೆಯ ಕುಲಕ್ಕೇ ಸೇರಿದ, ನೂರಾರು ಕೋಟಿ ವರ್ಷ ಹಳೆಯ ಗಟ್ಟಿ ಶಿಲೆ ಇಲ್ಲಿಯೂ ಇದೆ. ಅಂಥ ಶಿಲೆಯಲ್ಲಿ ಅಲೆಗಳು ಮಂಕಾಗದೆ ಸಾಗುತ್ತವೆ. ಕಡಲು ದೂರವಾದ್ದರಿಂದ ತೆರೆಗಳ ಬಡಿತದ ಕಂಪನವೂ ಕಡಿಮೆ.

ವ್ಯೂಹದ ರಚನೆ ಇಂಗ್ಲಿಷಿನ 'ಎಲ್' ಅಕ್ಷರದಂತಿದೆ. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರು ಉದ್ದದ ಎರಡು ತೋಳುಗಳು, ಎರಡರಲ್ಲೂ ಸೇರಿ 20 ಕಂಪನಮಾಪಕಗಳು. ಎಲ್ಲವುಗಳ ಸಂಕೇತವೂ ನಡುವಿನ ಪ್ರಯೋಗಾಲಯಕ್ಕೆ ಬಂದು ಕಾಂತಪಟ್ಟಿಯಲ್ಲಿ ದಾಖಲಾಗುತ್ತಿತ್ತು. ಇಷ್ಟೊಂದು ಏಕೆ ಬೇಕು? ಕತ್ತಲ ರಾತ್ರಿಯಲ್ಲಿ ಎತ್ತಿನ ಕೊರಳ ಗಂಟೆಯ ಸದ್ದು ಯಾವ ದಿಕ್ಕಿನಿಂದ ಬಂತೆಂದು ಮನುಷ್ಯ ಹೇಳಬಲ್ಲ. ಸದ್ದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಕೂದಲೆಳೆಯಷ್ಟು ತಡವಾಗಿ ಮುಟ್ಟುವುದರಿಂದಲೇ ಅದು ಸಾಧ್ಯ. ನೆಲದೊಳಗಿನ ಅಲೆಯೂ ಒಂದು ತೋಳಿನ ತುದಿಯನ್ನು ಮೊದಲು, ಇನ್ನೊಂದನ್ನು ಆಮೇಲೆ ಮುಟ್ಟುತ್ತದೆ. ಆ ಅಂತರದಿಂದ ದಿಕ್ಕು ತಿಳಿಯುತ್ತದೆ. ಅಲೆ ಎಷ್ಟು ಕಡಿದಾಗಿ ಕೆಳಗಿನಿಂದ ಏರಿಬಂತು ಎಂಬುದೂ ತಿಳಿಯುತ್ತದೆ. ಅದರಿಂದ ದೂರದ ಅಂದಾಜು ಸಿಗುತ್ತದೆ. ಇನ್ನೊಂದು ಲಾಭವೂ ಇದೆ. ಲಾರಿಯ ಓಡಾಟ, ಮರ ಬುಡಕ್ಕೆ ಗಾಳಿಯ ತಳ್ಳಾಟ, ಇವುಗಳ ಗದ್ದಲ ಒಂದೊಂದು ಮಾಪಕದಲ್ಲಿ ಒಂದೊಂದು ರೀತಿ. ದೂರದಿಂದ ಬಂದ ಅಲೆ ಮಾತ್ರ ಎಲ್ಲದರಲ್ಲೂ ಒಂದೇ ರೀತಿ. ಕಾಲದ ಅಂತರವನ್ನು ಸರಿಪಡಿಸಿ ಇಪ್ಪತ್ತನ್ನೂ ಕೂಡಿಸಿದರೆ ಗದ್ದಲ ತನ್ನಲ್ಲೇ ಕರಗಿ, ಸಂಕೇತ ಸುಮಾರು ನಾಲ್ಕೂವರೆ ಪಟ್ಟು ಸ್ಪಷ್ಟವಾಗುತ್ತದೆ.

ಬಾಂಬಿಗೂ ಭೂಕಂಪಕ್ಕೂ ಭೇದವನ್ನು ಹೀಗೆ ಗುರುತಿಸುತ್ತಾರೆ. ಭೂಕಂಪವೆಂದರೆ ಬಂಡೆಯ ಎರಡು ಭಾಗಗಳು ಒಂದಕ್ಕೊಂದು ಉಜ್ಜಿ ಜಾರುವುದು. ಆಗ ಕೆಲವು ದಿಕ್ಕಿಗೆ ಮೊದಲು ತಳ್ಳು, ಕೆಲವು ದಿಕ್ಕಿಗೆ ಮೊದಲು ಸೆಳೆತ ಹೋಗುತ್ತದೆ. ಬಾಂಬು ಎಲ್ಲ ದಿಕ್ಕಿಗೂ ತಳ್ಳುವುದೊಂದನ್ನೇ ಬಲ್ಲದು. ಎಲ್ಲಿ ಅಳೆದರೂ ನೆಲದ ಮೊದಲ ಚಲನೆ ಮೇಲ್ಮುಖ. ಭೂಕಂಪದಲ್ಲಿ ನೆಲದ ಮೇಲ್ಮೈಯಲ್ಲಿ ಉರುಳುವ ನಿಧಾನ ಅಲೆಗಳು ದೊಡ್ಡವು. ಅಷ್ಟೇ ಬಲದ ಬಾಂಬಿನಲ್ಲಿ ಅವು ತೀರ ಸಣ್ಣವು. ಇನ್ನು ಅಲೆ ಹುಟ್ಟಿದ್ದು ನೂರು ಕಿಲೋಮೀಟರು ಆಳದಲ್ಲಾದರೆ ಅನುಮಾನಕ್ಕೇ ಎಡೆಯಿಲ್ಲ. ಅಷ್ಟು ಆಳಕ್ಕೆ ಬಾವಿ ಕೊರೆದವರು ಯಾರೂ ಇಲ್ಲ.

ಕಾಲದ ದೃಷ್ಟಿಯಿಂದ ಗೌರಿಬಿದನೂರು ಬಿಕಿನಿಗೆ ತಡವಾಗಿ ಬಂತು. ಅಲ್ಲಿನ ಸ್ಫೋಟಗಳು 1958ಕ್ಕೇ ಮುಗಿದಿದ್ದವು. ಫ್ರಾನ್ಸಿನ ಸರದಿ ಶುರುವಾದದ್ದು ಮಾತ್ರ ಈ ಕಿವಿ ತೆರೆದ ಮೇಲೆ. ಅಲ್ಜೀರಿಯಾ ಸ್ವತಂತ್ರವಾಗಿ ಸಹಾರಾ ಮರುಭೂಮಿ ಕೈತಪ್ಪಿದಾಗ ಫ್ರಾನ್ಸ್ ತನ್ನ ಪರೀಕ್ಷೆಗಳನ್ನು ಶಾಂತ ಸಾಗರದ ಮುರುರೋವಾ ಮತ್ತು ಫಾಂಗಟೌಫ ದ್ವೀಪಗಳಿಗೆ ಸಾಗಿಸಿತು. 1966ರ ಜುಲೈ 2ರಿಂದ 1996ರ ಜನವರಿ 27ರವರೆಗೆ ಅಲ್ಲಿ 193 ಸ್ಫೋಟಗಳಾದವು. 1963ರ ಒಪ್ಪಂದಕ್ಕೆ ಸಹಿ ಹಾಕದ ಫ್ರಾನ್ಸ್ 1974ರವರೆಗೆ ಗಾಳಿಯಲ್ಲೇ ಸಿಡಿಸಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು 1973ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ನೆಲದಡಿಗೆ ಇಳಿಯಿತು. ಹವಳವನ್ನು ದಾಟಿ, ಅಡಿಯ ಜ್ವಾಲಾಮುಖಿ ಶಿಲೆಯಲ್ಲಿ ನೂರಾರು ಮೀಟರು ಆಳದ ಬಾವಿ ಕೊರೆದು ಬಾಂಬನ್ನು ಇಳಿಸುತ್ತಿದ್ದರು.

ಮುರುರೋವಾ ಹಾಗೂ ಗೌರಿಬಿದನೂರುಗಳು ಭೂಗೋಳದ ಹೆಚ್ಚುಕಡಿಮೆ ಎದುರುಬದಿಗಳಲ್ಲಿವೆ. ಮೇಲ್ಮೈಯಲ್ಲಿ ಅಳೆದರೆ ಅಂತರ ಸುಮಾರು 16 ಸಾವಿರ ಕಿಲೋಮೀಟರು. ಕೋನದ ಲೆಕ್ಕದಲ್ಲಿ ಸುಮಾರು 145 ಡಿಗ್ರಿ. ಈ ಸಂಖ್ಯೆಗೆ ಒಂದು ವಿಶೇಷವಿದೆ. ಭೂಮಿಯ ನಡುವಿನಲ್ಲಿ ಕರಗಿದ ಕಬ್ಬಿಣದ ತಿರುಳಿದೆ. ಅಸ್ಸಾಮಿನ 1897ರ ಭೂಕಂಪವನ್ನು ಅಧ್ಯಯನ ಮಾಡಿದ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1906ರಲ್ಲಿ ಅಂಥ ತಿರುಳಿದೆಯೆಂದು ವಾದಿಸಿದ್ದರು. ಆ ತಿರುಳು ಅಲೆಗಳನ್ನು ಬಾಗಿಸಿಬಿಡುವುದರಿಂದ, ಸುಮಾರು 104 ಡಿಗ್ರಿಯಿಂದ 140 ಡಿಗ್ರಿಯವರೆಗಿನ ಪಟ್ಟಿಯಲ್ಲಿ ನೇರ ಅಲೆಗಳು ಸರಿಯಾಗಿ ಮುಟ್ಟುವುದಿಲ್ಲ. ಅದನ್ನು ನೆರಳಿನ ವಲಯವೆನ್ನುತ್ತಾರೆ. ನೆರಳು ಮುಗಿದ ಕೂಡಲೇ, 145 ಡಿಗ್ರಿಯ ಆಸುಪಾಸಿನಲ್ಲಿ, ತಿರುಳು ಭೂತಗನ್ನಡಿಯಂತೆ ಅಲೆಗಳನ್ನು ಒಂದೆಡೆ ಸೇರಿಸುತ್ತದೆ. ಮುರುರೋವಾದ ಪಾಲಿಗೆ ಆ ಉಜ್ವಲ ಪಟ್ಟಿಯ ಮೇಲೆಯೇ ಗೌರಿಬಿದನೂರು ಇದೆ. ಅಲ್ಲಿ ಗುಂಡಿ ಒತ್ತಿದ ಮೇಲೆ ಭೂಗರ್ಭವನ್ನು ಹಾಯ್ದು ಅಲೆ ಇಲ್ಲಿಗೆ ಬರಲು ಇಪ್ಪತ್ತು ನಿಮಿಷ ಸಾಕು. ಗುಟ್ಟು ಕಾಯಲೆಂದು ಹುಡುಕಿದ ದ್ವೀಪದ ಸದ್ದು ಭೂಮಿಯ ತಿರುಳನ್ನೇ ದಾಟಿ ಪಿನಾಕಿನಿಯ ದಂಡೆಯ ಬಂಡೆಯಡಿ ಮಿಡಿಯುವಂಥ ಸ್ಥಿತಿ ಅದು.

ನಾಲ್ಕು ಮಕ್ಕಳಲ್ಲಿ ಒಂದು

ಕೇಳುವ ಕಿವಿ ಭಾರತದ್ದಾಗಿದ್ದರೂ ಸಿಡಿಸುವ ಕೈಯಿಂದ ಭಾರತ ಹೊರಗುಳಿಯಲಿಲ್ಲ. 1974ರ ಮೇ 18ರಂದು ಪೋಖರಣ್‌ನಲ್ಲಿ ಮೊದಲ ಸ್ಫೋಟ ನಡೆಸಿದ ತಂಡದ ಮುಂದಾಳು, ತುಮಕೂರಿನಲ್ಲಿ ಹುಟ್ಟಿದ ರಾಜಾರಾಮಣ್ಣ. 1998ರ ಮೇ ತಿಂಗಳಿನಲ್ಲಿ ಪೋಖರಣ್ ಮತ್ತೆ ನಡುಗಿತು. ಅದೇ ತಿಂಗಳ 28ರಂದು ಪಾಕಿಸ್ತಾನದ ಚಾಗೈ ಬೆಟ್ಟ. ಅಣುಸ್ಫೋಟದ ಅಲೆ ಈಗ ಮನೆಯ ಮಗ್ಗುಲಿನಿಂದಲೇ ಗೌರಿಬಿದನೂರಿಗೆ ಬರತೊಡಗಿತ್ತು. ಪೋಖರಣ್ ಸ್ಫೋಟದ ಬಲವೆಷ್ಟು ಎಂಬ ಬಗ್ಗೆ ಸರ್ಕಾರದ ಅಂಕಿಗೂ ಹೊರದೇಶದ ಹಲವು ತಜ್ಞರ ಅಂಕಿಗೂ ತಾಳೆಯಾಗದೆ ಎದ್ದ ವಾದ ನಡೆದದ್ದು ಇಂಥ ಕಂಪನ ದಾಖಲೆಗಳ ಮೇಲೆಯೇ.

ಎರಡು ವರ್ಷ ಹಿಂದೆ, 1996ರ ಸೆಪ್ಟೆಂಬರಿನಲ್ಲಿ, ಎಲ್ಲ ಬಗೆಯ ಸ್ಫೋಟಗಳನ್ನೂ ನಿಷೇಧಿಸುವ ಸಮಗ್ರ ಒಪ್ಪಂದ ಸಹಿಗೆ ತೆರೆದಿತ್ತು. ಅಣ್ವಸ್ತ್ರ ಉಳ್ಳವರು ಅವನ್ನು ಬಿಡುವ ಗಡುವು ಅದರಲ್ಲಿಲ್ಲವೆಂಬುದು ಭಾರತದ ಮುಖ್ಯ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿತ್ತು. ಆದರೆ ನಿಲ್ಲಿಸಿ ಎಂದು ಜಗತ್ತಿನಲ್ಲಿ ಮೊದಲು ಕೇಳಿದ ದೇಶವೇ ಸಹಿ ಹಾಕದೆ ಹೊರಗುಳಿದದ್ದೂ ನಿಜ. ಇದರ ಒಂದು ಫಲ ಗೌರಿಬಿದನೂರಿನ ಮೇಲಾಯಿತು. ಒಪ್ಪಂದದ ಕಾವಲಿಗೆಂದು ಕಟ್ಟಿದ ಜಾಗತಿಕ ಜಾಲದಲ್ಲಿ ಎಸ್ಕ್‌ಡೇಲ್‌ಮ್ಯೂರ್, ಯೆಲ್ಲೋನೈಫ್, ವಾರಮುಂಗ ಮೂರೂ ಸೇರಿವೆ. ಅವುಗಳ ನಾಲ್ಕನೆಯ ಒಡಹುಟ್ಟು ಸೇರಿಲ್ಲ.

ಮಾರ್ಷಲ್ ದ್ವೀಪವಾಸಿಗಳೂ ಭಾರತವನ್ನು ಒಮ್ಮೆ ಕಟಕಟೆಗೆ ಕರೆದದ್ದುಂಟು. 2014ರ ಏಪ್ರಿಲ್‌ನಲ್ಲಿ ಆ ಪುಟ್ಟ ದೇಶ, ನಿರಸ್ತ್ರೀಕರಣದ ಹೊಣೆ ಮರೆತಿದ್ದಾರೆಂದು ಒಂಬತ್ತು ಅಣ್ವಸ್ತ್ರ ದೇಶಗಳ ಮೇಲೂ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ದೂರಿತ್ತಿತು. ಅದರ ಹಿಂದಿದ್ದವರು ವಿದೇಶಾಂಗ ಸಚಿವ ಟೋನಿ ಡಿಬ್ರಮ್. ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಅಜ್ಜನೊಂದಿಗೆ ಮೀನು ಹಿಡಿಯುತ್ತಿದ್ದ ಹೊತ್ತಿನಲ್ಲಿ ಬ್ರಾವೊ ಬೆಳಕನ್ನು ಕಂಡವರು ಅವರು. ನ್ಯಾಯಾಲಯದ ಕಡ್ಡಾಯ ಅಧಿಕಾರವನ್ನು ಒಪ್ಪಿದ್ದ ಭಾರತ, ಪಾಕಿಸ್ತಾನ, ಬ್ರಿಟನ್ ಮೂರರ ಮೇಲಿನ ದೂರು ಮಾತ್ರ ಮುಂದುವರಿಯಿತು. ಕಕ್ಷಿಗಳ ನಡುವೆ ವಿವಾದವೇ ಇಲ್ಲವೆಂದು ನ್ಯಾಯಾಲಯ 2016ರ ಅಕ್ಟೋಬರ್ 5ರಂದು ಮೂರನ್ನೂ ಕೈಬಿಟ್ಟಿತು. ಭಾರತದ ಪ್ರಕರಣದಲ್ಲಿ ನ್ಯಾಯಾಧೀಶರ ಮತ 9ಕ್ಕೆ 7. ಡಿಬ್ರಮ್ ಮರುವರ್ಷ ತೀರಿಕೊಂಡರು.

ಮಾರ್ಷಲ್ ದ್ವೀಪಗಳಲ್ಲಿ ಪರಿಹಾರ ನಿಗದಿಗೆಂದು ರಚಿತವಾದ ನ್ಯಾಯಮಂಡಲಿ ಬಿಕಿನಿಯವರಿಗೆ 2001ರಲ್ಲಿ 56 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಘೋಷಿಸಿತು. ಆದರೆ ಅಮೆರಿಕ ಎಲ್ಲ ದ್ವೀಪಗಳಿಗೂ ಸೇರಿಸಿ ಕೊಟ್ಟಿದ್ದ ಮೂಲನಿಧಿಯೇ 15 ಕೋಟಿ ಡಾಲರು. ಎನೆವೆಟಾಕ್‌ನ ರುನಿಟ್ ನಡುಗಡ್ಡೆಯಲ್ಲಿ, 1958ರ ಸ್ಫೋಟವೊಂದು ತೋಡಿದ ಹೊಂಡಕ್ಕೆ 70 ಸಾವಿರ ಘನ ಮೀಟರಿಗೂ ಹೆಚ್ಚು ವಿಷಮಣ್ಣು ತುಂಬಿ, 1980ರ ಹೊತ್ತಿಗೆ ಮೇಲೆ ಅರ್ಧ ಮೀಟರು ದಪ್ಪದ ಕಾಂಕ್ರೀಟು ಮುಚ್ಚಳ ಹಾಕಿದ್ದಾರೆ. ಅಡಿಗೆ ಏನೂ ಹಾಸಿಲ್ಲ. ಕೆಳಗಿರುವುದು ನೀರು ಜಿನುಗುವ ಹವಳವೇ. ಕಡಲು ಉಕ್ಕಿಳಿದಂತೆಲ್ಲ ಒಳಗಿನ ನೀರೂ ಏರಿಳಿಯುತ್ತದೆ.

ಮುರುರೋವಾದಲ್ಲಿ ಕೇಳುವ ಕೆಲಸ ಇನ್ನೂ ಮುಗಿದಿಲ್ಲ. 1979ರ ಜುಲೈನಲ್ಲಿ ಅಲ್ಲಿ ಬಾಂಬೊಂದು ಬಾವಿಯ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಅಲ್ಲೇ ಸಿಡಿಸಿದಾಗ ದಿಬ್ಬದ ಅಂಚಿನ ದೊಡ್ಡ ಭಾಗ ಕಡಲಿಗೆ ಕುಸಿದು ಅಲೆ ಎದ್ದಿತ್ತು. ನೂರಕ್ಕೂ ಹೆಚ್ಚು ಬಾವಿಗಳಿಂದ ಬಿರುಕುಬಿಟ್ಟ ದಿಬ್ಬದ ಈಶಾನ್ಯ ಮಗ್ಗುಲು ಮತ್ತೆ ಜಾರಿದರೆ, ನೂರು ಕಿಲೋಮೀಟರಿನಷ್ಟು ದೂರದ ಟುರೇಯಾ ದ್ವೀಪದ ಜನರಿಗೆ ಮುನ್ಸೂಚನೆ ಬೇಕಲ್ಲ. ಅದಕ್ಕೆಂದು ಫ್ರಾನ್ಸಿನ ಸೇನೆ ಈಗ ಆ ಹವಳದಲ್ಲೇ ಕಂಪನಮಾಪಕಗಳನ್ನು ಹೂತು ಹಗಲೂ ರಾತ್ರಿ ಆಲಿಸುತ್ತಿದೆ.